ಆಫೀಸು ಫೋನಿಗೆ ಬಂದ ಆರು ಅಂಕಿ

“ಸೋಮವಾರದಿಂದ ಶಿಫ್ಟೆಲ್ಲ ವಾಟ್ಸಾಪ್ ಗ್ರೂಪಲ್ಲೇ. ಗ್ರೂಪಲ್ಲಿ ಇಲ್ದೋರ್ಗೆ ಕೆಲ್ಸ ಇಲ್ಲ,” ಎಂದು ಮೇಸ್ತ್ರಿ ಕೂಗಿ ಹೋದ. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಬೆಳಗಿನಿಂದ ನಿಂತೇ ಪ್ಯಾಕಿಂಗ್ ಮಾಡಿದ್ದ ಭಾನುಪ್ರಿಯಳಿಗೆ ಕಾಲಿನ ನೋವು ಎದೆಗೇ ಏರಿದಂತಾಯಿತು.

ಗ್ರೂಪಿಗೆ ಸೇರಿದರೆ ಅರವತ್ತು ಜನರ ಕಣ್ಣಿಗೂ ನಂಬರ್ ಬೀಳುತ್ತದೆ. ಹೋದ ವರ್ಷ ರೀಚಾರ್ಜ್ ಅಂಗಡಿಯಲ್ಲಿ ಒಮ್ಮೆ ಬರೆಸಿದ್ದಕ್ಕೇ ಯಾರ್ಯಾರೋ ಫೋನ್ ಮಾಡಿ ಪ್ರಾಣ ಹಿಂಡಿದ್ದರು. ಅಣ್ಣ ಆ ಸಿಮ್ ಮುರಿದು, ಹೊಸದು ತಂದುಕೊಟ್ಟು, “ಇನ್ನೊಂದು ಕಾಲ್ ಬಂದ್ರೆ ಫೋನೂ ಇಲ್ಲ, ಕೆಲ್ಸಾನೂ ಇಲ್ಲ” ಎಂದಿದ್ದ.

ನಂಬರ್ ಕೊಟ್ಟರೂ ಕೆಲಸ ಹೋಗುತ್ತದೆ, ಕೊಡದಿದ್ದರೂ ಹೋಗುತ್ತದೆ.

ಪಕ್ಕದ ಚಿನ್ನಮ್ಮ ಮೆಲ್ಲಗೆ ಚಿವುಟಿದಳು. “ಆಫೀಸಿನ ಅಶ್ವಥ್‌ನ ಕೇಳವ್ವ. ನಿನ್ ಬಾಕ್ಸ್ ನೋಡಕ್ಕೆ ದಿನಾ ಎಲ್ಡ್ ಸಲ ಬತ್ತಾನೆ, ನಮ್ದಕ್ಕೆ ಒಂದೇ ಸಲ.”

“ಸುಮ್ನಿರಕ್ಕ.”

ಕೆಲಸ ಬಿಟ್ಟ ಮೇಲೆ ಅವಳು ಆಫೀಸಿಗೆ ಹೋಗಿ ಹೇಳಿಕೊಂಡಳು. ಅಶ್ವಥ್ ಎಲ್ಲ ಕೇಳಿಸಿಕೊಂಡ. ನಂಬರ್ ಮಾತ್ರ ಕೇಳಲಿಲ್ಲ. ಮೇಜಿನ ಮೇಲಿದ್ದ ಹಳೇ ಲ್ಯಾಂಡ್‌ಲೈನಿನ ಧೂಳು ಒರೆಸಿದ.

“ನಿಮ್ ಫೋನಿನ ವಾಟ್ಸಾಪಿಗೆ ಇದ್ರ ನಂಬರ್ ಹಾಕಿ. ಇದಕ್ಕೆ ಮೆಸೇಜ್ ಬರಲ್ಲ, ಕಾಲ್ ಮಾಡಿ ಕೋಡ್ ಹೇಳ್ತಾರೆ. ಒಸಿ ಕಾಯ್ಬೇಕು.”

“ಸಾಹುಕಾರ್ರು ಬೈಯಲ್ವಾ?”

“ವರ್ಷದಿಂದ ಈ ಫೋನ್ ಬಡ್ಕೊಂಡೇ ಇಲ್ಲ. ಒಂದ್ಸಲ ಬಡ್ಕೊಂಡ್ರೆ ಖುಷೀನೇ ಪಡ್ತಾರೆ.”

ಸುಸ್ತಾಗಿದ್ದರೂ ಅವಳಿಗೆ ನಗು ಬಂತು. ಅವನ ಬೆರಳ ಸಂದಿಯಲ್ಲಿ ಬೊಂಬೆಯ ಕೆಂಪು ಅರಗು ಅಂಟಿತ್ತು. ಅವನು ತಲೆಯೆತ್ತಿದಾಗ ಅವಳು ಕಿಟಕಿಯತ್ತ ತಿರುಗಿದಳು. ಕಿಟಕಿಯ ಗಾಜಿನಲ್ಲೂ ಅವನೇ ಇದ್ದ.

ಫೋನ್ ಬಡಿದುಕೊಂಡಿತು. ಪುಟ್ಟ ಡಿಸ್‌ಪ್ಲೇಯಲ್ಲಿ ಉದ್ದನೆಯ ನಂಬರ್ ಮೂಡಿತು. ಅವನು ರಿಸೀವರ್ ಎತ್ತಿ, ಕಿವಿಗೆ ಇಟ್ಟುಕೊಳ್ಳದೆ ಅವಳ ಕೈಗೆ ಕೊಟ್ಟ.

“ಆರು ಅಂಕಿ ನೀವೇ ಕೇಳಿಸ್ಕೊಳ್ಳಿ. ಅದು ನಂಗೂ ಗೊತ್ತಾಗ್ಬಾರ್ದು. ಆಮೇಲೆ ಒಂದು ಪಿನ್ ಇಟ್ಕೊಳ್ಳಿ.”

ಬಾಗಿಲಾಚೆ ಹೋಗಿ ಬೆನ್ನು ತಿರುಗಿಸಿ ನಿಂತ. ಇಷ್ಟು ದಿನ ಇಣುಕಿ ನೋಡಿದವರೇ ಎಲ್ಲ. ನೋಡಬಾರದೆಂದು ತಿರುಗಿ ನಿಂತವನು ಇವನೊಬ್ಬನೇ.

ಗ್ರೂಪಿನಿಂದ ನಂಬರ್ ಹಿಡಿದು ಫೋನ್ ಮಾಡಿದ ಪಡ್ಡೆಗಳಿಗೆಲ್ಲ ಅಶ್ವಥನ ಗಂಟಲೇ ಸಿಕ್ಕಿತು. “ಹಲೋ, ಬೊಂಬೆ ಆಫೀಸು. ಎಷ್ಟು ಡಜನ್ ಬೇಕಿತ್ತಣ್ಣ?” ಚಿನ್ನಮ್ಮ ಬಿದ್ದು ಬಿದ್ದು ನಕ್ಕಳು.

ಕೆಲಸ ಉಳಿಯಿತು, ಆಯಾಸವೂ ಉಳಿಯಿತು. ತಿಂಗಳಾದ ಮೇಲೆ ಭಾನು ಜ್ವರ ಬಂದು ಮಲಗಿದಳು. ಗ್ರೂಪಿನಲ್ಲಿ ರಜೆ ಎಂದು ಹಾಕಿದ್ದಕ್ಕೆ ಮೇಸ್ತ್ರಿಯ ಒಂದು ‘ಓಕೆ’ ಬಂತು, ಅಷ್ಟೆ. ಅಶ್ವಥ್ ಬೇರೆಯಾಗಿ ಒಂದು ಮೆಸೇಜೂ ಹಾಕಿದವನಲ್ಲ. ಹಾಕುವವನೂ ಅಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ತನ್ನದೇ ಆಗಿಹೋಗಿದ್ದ ಆ ಲ್ಯಾಂಡ್‌ಲೈನ್ ನಂಬರನ್ನು ತನ್ನ ಸಿಮ್ಮಿನಿಂದ ಒತ್ತಿದಳು.

“ಹಲೋ, ಬೊಂಬೆ ಆಫೀಸು.”

“ನಾನು. ಭಾನು.”

ಆಚೆ ಕುರ್ಚಿ ಕಿರುಗುಟ್ಟಿತು. “ಜ್ವರ ಬಿಡ್ತಾ?” ಆಮೇಲೆ ಗಾಬರಿಯ ದನಿ. “ಅಯ್ಯೋ, ನಿಮ್ ನಂಬರ್ ಇದ್ರಲ್ಲಿ ಕಾಣ್ತೈತೆ ಕಣ್ರೀ. ನೋಡಿಲ್ಲ ನಾನು, ಕೈ ಅಡ್ಡ ಇಟ್ಟಿವ್ನಿ.”

ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು.

“ಕೈ ತೆಗೀರಿ. ಕಾಣ್ಲಿ ಅಂತಾನೇ ಮಾಡಿರೋದು.”