ದಿಬ್ಬದ ಮೇಲಿನ ಗೆರೆ

ಮೀನು ಹಿಡಿಯುವ ತಮ್ಮ ನಕ್ಷೆ ಬರೆಯುವ ಅಣ್ಣನೊಡನೆ ಮಾತು ಬಿಟ್ಟು ವರ್ಷವಾಗಿತ್ತು. ಕಡಲೊಳಗಿನ ಮೀನಿನ ದಿಬ್ಬವನ್ನು ರಕ್ಷಿತ ವಲಯಕ್ಕೆ ಸೇರಿಸಿದ ಗೆರೆ ಅಣ್ಣನ ಕೈಯದು. ಇಲಾಖೆ ಹೇಳಿತ್ತು, ಎಳೆದಿದ್ದ. ಬಲೆ ಒಣಗಿದ್ದು ಮಾತ್ರ ತಮ್ಮನ ಮನೆಯಲ್ಲಿ.

ಮಗಳ ಹುಟ್ಟುಹಬ್ಬಕ್ಕೆ ಕರೆಯಲು ಅಣ್ಣ ಹೋದಾಗ ತಮ್ಮ ಬಾಗಿಲಲ್ಲೇ ತಡೆದಿದ್ದ. "ಬಾರಪ್ಪ, ಸಮುದ್ರದ ಯಜಮಾನ! ಒಳಗೆ ಬರ್ತೀಯೋ, ಇಲ್ಲ ನನ್ನ ಹೊಸಿಲಿಗೂ ಒಂದು ಗೆರೆ ಎಳೀತೀಯೋ?"

ಎಳೆದ ಕೈಗೆ ಸರಿಸಲು ಬಾರದೇ ಎಂದು ಅಣ್ಣನಿಗೆ ಅನ್ನಿಸಿದ್ದು ಅಂದೇ.

ಕಡಲಿನ ನಕ್ಷೆ ಈಗ ಎಲ್ಲ ಇಲಾಖೆಗಳಿಗೂ ಒಂದೇ. ಮೀನುಗಾರಿಕೆ, ಹಡಗುದಾರಿ, ನೌಕಾಪಡೆ, ರಕ್ಷಿತ ವಲಯ, ಎಲ್ಲವೂ ಒಂದೇ ಪರದೆಯ ಮೇಲೆ, ಬೇರೆ ಬೇರೆ ಬಣ್ಣದಲ್ಲಿ. ಒಬ್ಬರು ತಿದ್ದಿದ್ದು ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಯಾರೂ ನೋಡುವುದಿಲ್ಲ. ಹತ್ತು ಜನ ಕಾಯುವ ಹಾಲು ಉಕ್ಕದೇ ಇರುತ್ತದೆಯೇ?

ಹೊಸ ಅಳತೆ ಬಂದಾಗ ನೂರಾರು ಗೆರೆಗಳು ಕೂದಲೆಳೆಯಷ್ಟು ಜರುಗುತ್ತವೆ. ಆ ಗದ್ದಲದಲ್ಲಿ ಅವನು ಒಂದನ್ನು ತುಸು ಹೆಚ್ಚೇ ಜರುಗಿಸಿದ. ದಿಬ್ಬ ವಲಯದ ಹೊರಗೆ ಬಿತ್ತು. ಮೇಲಧಿಕಾರಿ ಓದದೆ ಒಪ್ಪಿದರು. ಮೀನಿನ ಕಾಲ ಮುಗಿದ ಮೇಲೆ ಹಿಂದಕ್ಕೆ ತಂದರಾಯಿತು.

"ದೋಣಿ ಎಲ್ಲಿದೆ ಅಂತ ತೋರಿಸೋ ಯಂತ್ರ, ವೈರ್‌ಲೆಸ್, ಎರಡೂ ಆಫ್ ಮಾಡ್ಕೊಂಡು ದಿಬ್ಬಕ್ಕೆ ಹೋಗು," ಎಂದ ತಮ್ಮನಿಗೆ. "ನಿನ್ನ ಹಿಂದೆ ನಾಲ್ಕು ದೋಣಿ ಬಂದ್ರೆ ನನ್ನ ಕೆಲಸ ಬಯಲಾಗುತ್ತೆ."

ವರ್ಷದ ಮೇಲೆ ತಮ್ಮ ನಕ್ಕ. "ನೀನೂ ಕಳ್ಳನೇ ಕಣೋ ಅಣ್ಣ! ಅಮ್ಮ ಸುಮ್ನೆ ನನ್ನೊಬ್ಬನಿಗೇ ಬಾರಿಸ್ತಿದ್ಳು."

ಬೆಳಿಗ್ಗೆ ದೋಣಿ ಹೊರಟಿತು. ಆ ನಗೆಯನ್ನೇ ನೆನೆಯುತ್ತ ಅವನು ಕಚೇರಿಯಲ್ಲಿ ಚಹಾ ಕುಡಿಯುತ್ತಿದ್ದಾಗ, ಎದುರು ಮೇಜಿನ ನೌಕಾಪಡೆಯ ಪ್ರತಿನಿಧಿ ತಲೆಯೆತ್ತಿದಳು.

"ಥ್ಯಾಂಕ್ಸ್ ಸಾರ್. ನೀವು ದಿಬ್ಬ ಬಿಟ್ಟುಕೊಟ್ಟಿದ್ದು ನಮ್ಮ ಫಿರಂಗಿ ಅಭ್ಯಾಸಕ್ಕೆ ಅನುಕೂಲ ಆಯ್ತು. ವೈರ್‌ಲೆಸ್‌ನಲ್ಲಿ ಎಲ್ಲರಿಗೂ ಎಚ್ಚರಿಕೆ ಕೊಟ್ವಿ, ಪರದೇಲಿ ಒಂದು ದೋಣೀನೂ ಇಲ್ಲ. ಈಗ ಕಿಟಕಿ ಗಾಜು ಅದುರಿತಲ್ಲ, ನಮ್ಮವರೇ."

ಇಷ್ಟು ದಿನ ತನ್ನ ಇಲಾಖೆಯ ಹಸಿರನ್ನಷ್ಟೇ ನೋಡುತ್ತ ಬಂದವನು ಉಳಿದ ಬಣ್ಣಗಳನ್ನೂ ತೆರೆದ. ಎಲ್ಲರೂ ಹಂಚಿಕೊಂಡ ನಕ್ಷೆಯಲ್ಲಿ ಅಕ್ಕಪಕ್ಕದ ಎರಡು ವಲಯಗಳಿಗೆ ಇದ್ದದ್ದು ಒಂದೇ ಗೆರೆ. ಹಸಿರು ಬಿಟ್ಟ ನೀರನ್ನೆಲ್ಲ ನೌಕಾಪಡೆಯ ಕೆಂಪು ತಾನಾಗಿ ತುಂಬಿಕೊಂಡಿತ್ತು.