ಹೂಳು ಕಳುವಾದ ಪ್ರಕರಣ

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ಹುಡುಗಿ, ಕೂತ್ಕೋ ಅಂದರೂ ಕೂರಲಿಲ್ಲ.

"ಮೇಡಂ, ನನ್ನ ಕೆಸರು ಕಳುವಾಗಿದೆ" ಎಂದಳು.

ಹೆಡ್ ಕಾನ್‌ಸ್ಟೆಬಲ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ. ಎಲ್ಲದಕ್ಕೂ ಗೊಣಗುತ್ತಿದ್ದ ಆತನನ್ನು ಠಾಣೆಯವರೆಲ್ಲ ಗೊಣಗಣ್ಣ ಎಂದೇ ಕರೆಯುತ್ತಿದ್ದರು. "ಕೆಸರಾ? ಊರು ತುಂಬ ಬಿದ್ದಿದೆಯಲ್ಲಮ್ಮ, ಬೇಕಾದಷ್ಟು ಬಾಚ್ಕೋ."

ಹುಡುಗಿಯ ಕಣ್ಣು ತುಂಬಿತು. ಇನ್ಸ್‌ಪೆಕ್ಟರ್ ಒಂದೇ ನೋಟದಲ್ಲಿ ಗೊಣಗಣ್ಣನ ಬಾಯಿ ಮುಚ್ಚಿಸಿ, ಹುಡುಗಿಯ ಕೈಗೆ ನೀರಿನ ಲೋಟ ಕೊಟ್ಟಳು.

ಹುಡುಗಿ ಪರಿಸರ ವಿಜ್ಞಾನದ ವಿದ್ಯಾರ್ಥಿನಿ. ವಿದೇಶದ ಕೆರೆ ಸಂಶೋಧನಾಲಯವೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ಬುಧವಾರ ರಾತ್ರಿ ವಿಮಾನ. ಬಣ್ಣದ ಕಾರ್ಖಾನೆಯ ಪಕ್ಕದ ಕೆರೆಯ ತಳದಿಂದ ಹೂಳನ್ನು ಪದರ ಕದಡದಂತೆ ತೆಗೆದು ತರಬೇಕು ಎಂಬುದು ಅವರ ಷರತ್ತು. ಕಡು ಬೇಸಿಗೆಯಲ್ಲಿ ಕೆರೆ ಪಾದ ಮುಳುಗುವಷ್ಟಾಗಿದ್ದಾಗ ಆಕೆ ಮೊಳದುದ್ದದ ಆರು ಕೊಳವೆಗಳಲ್ಲಿ ಅದನ್ನು ತುಂಬಿ, ತನ್ನನ್ನು ಕಳಿಸುತ್ತಿದ್ದ ಮಾರ್ಗದರ್ಶನ ಕೇಂದ್ರದ ಫ್ರಿಜ್ಜಿನಲ್ಲಿಟ್ಟಿದ್ದಳು. ಈಗ ಕೆರೆ ತುಂಬಿ ನಿಂತಿತ್ತು.

"ಇನ್ನು ಮುಂದಿನ ಬೇಸಿಗೆವರೆಗೂ ತಳ ಸಿಗಲ್ಲ ಮೇಡಂ. ಅಷ್ಟೊತ್ತಿಗೆ ನನ್ನ ಜಾಗ ಬೇರೆಯವರ ಪಾಲಾಗಿರುತ್ತೆ."

ಕಳವು ಎಂದು ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಸ್ಥಳ ಪಂಚನಾಮೆ. ವಿದೇಶಿ ಇಂಟರ್ನ್‌ಶಿಪ್ ಮಾರ್ಗದರ್ಶನ ಕೇಂದ್ರವೆಂದರೆ ಎರಡನೇ ಮಹಡಿಯ ಎರಡು ಕೋಣೆ. ಒಂದರಲ್ಲಿ ಇಬ್ಬರು ಸಲಹೆಗಾರರ ಮೇಜು, ಇನ್ನೊಂದರಲ್ಲಿ ಮಾದರಿಗಳನ್ನಿಡುವ ಫ್ರಿಜ್. ಗೋಡೆಯ ಮೇಲೆ ಪ್ರಪಂಚದ ನಕ್ಷೆ, ಅದರ ತುಂಬ ಕೆಂಪು ಗುಂಡುಪಿನ್ನು. ಒಂದೊಂದು ಪಿನ್ನೂ ಇಲ್ಲಿಂದ ಹೋದ ಒಬ್ಬೊಬ್ಬ ವಿದ್ಯಾರ್ಥಿ.

"ನೀವು ಯಾವ್ಯಾವ ದೇಶ ನೋಡಿದ್ದೀರಿ ಸಾರ್?" ಗೊಣಗಣ್ಣ ಕೇಳಿದ.

ಹಿರಿಯ ಸಲಹೆಗಾರರು, ಎಲ್ಲರ ಬಾಯಲ್ಲಿ ಮೇಷ್ಟ್ರು, ನಕ್ಕರು. "ನಾನು ವಿಮಾನ ಹತ್ತಿಸೋನು ಕಣಯ್ಯ, ಹತ್ತೋನಲ್ಲ."

ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ: ಮೇಷ್ಟ್ರು, ಮತ್ತು ವೀಸಾ ಕೆಲಸ ನೋಡಿಕೊಳ್ಳುವ ಕಿರಿಯ ಸಲಹೆಗಾರ್ತಿ. ಫ್ರಿಜ್ಜಿನಿಂದ ಕೊಳವೆಗಳ ಜೊತೆ ಅವು ನಿಲ್ಲುವ ಸ್ಟ್ಯಾಂಡೂ, ಐಸ್ ಚೀಲಗಳೂ ಹೋಗಿದ್ದವು. ಇನ್ಸ್‌ಪೆಕ್ಟರ್ ಪಂಚನಾಮೆಯ ಆ ಸಾಲನ್ನು ಎರಡು ಸಲ ಓದಿಸಿಕೊಂಡು ಸಹಿ ಮಾಡಿದಳು.

ಮೇಷ್ಟ್ರು ಆಕೆಯನ್ನು ಬಾಗಿಲ ಮರೆಗೆ ಕರೆದರು. "ಹೇಳಬಾರದು. ಆದ್ರೂ ಹೇಳ್ತೀನಿ. ನಮ್ಮ ವೀಸಾ ಮೇಡಂ ಅಣ್ಣ ಆ ಕಾರ್ಖಾನೇಲೇ ಕೆಲಸ. ಹೂಳಲ್ಲಿ ವಿಷ ಸಿಕ್ಕಿದ್ರೆ ಕಾರ್ಖಾನೆ ಗತಿ ಏನಾಗುತ್ತೆ, ನೀವೇ ಯೋಚನೆ ಮಾಡಿ."

ಕಿರಿಯ ಸಲಹೆಗಾರ್ತಿಯ ವಿಚಾರಣೆ ಹತ್ತು ನಿಮಿಷವೂ ನಡೆಯಲಿಲ್ಲ.

"ನಿನ್ನೆ ಸಂಜೆ ಬೀಗ ಹಾಕಿದ್ದು ಯಾರು?"

"ಮೇಷ್ಟ್ರು. ಅಲ್ಲ, ನಾನೇ ಇರಬೇಕು. ನೆನಪಿಲ್ಲ."

"ನಿಮ್ಮಣ್ಣ ಎಲ್ಲಿ ಕೆಲಸ ಮಾಡೋದು?"

ಆಕೆಯ ಮುಖ ಬಿಳಿಚಿಕೊಂಡಿತು. "ಯಾರು ಹೇಳಿದ್ರು ನಿಮಗೆ?"

"ಕೇಳಿದ್ದಕ್ಕೆ ಉತ್ತರ ಕೊಡಿ."

"ಕಾರ್ಖಾನೇಲಿ. ಅಣ್ಣನ ಜೊತೆ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು. ಆ ಹುಡುಗಿ ಟಿಕೆಟ್ ಮಾಡಿಸಿದ್ದು ನಾನು ಮೇಡಂ. ನಾನ್ಯಾಕೆ ಕದೀಲಿ?"

ಕಾರ್ಖಾನೆಯ ಮ್ಯಾನೇಜರ್ ಹಲ್ಲು ಕಿರಿದ. "ಆರು ಕೊಳವೆ ಕದ್ದು ಏನು ಸಾಧಿಸಲಿ? ಕದ್ರೆ ಇಡೀ ಕೆರೇನೇ ಕದೀಬೇಕು." ಮಾತು ನಿಜ. ಆದರೆ ಆ ಮನುಷ್ಯ ಒಮ್ಮೆಯೂ ಕಣ್ಣಿಗೆ ಕಣ್ಣು ಕೊಡಲಿಲ್ಲ. ಇನ್ಸ್‌ಪೆಕ್ಟರಿಗೆ ಯಾರನ್ನು ನಂಬುವುದೋ ತಿಳಿಯದೆ ತಲೆ ಬಿಸಿಯಾಯಿತು.

"ವೀಸಾ ಮೇಡಂ, ಮ್ಯಾನೇಜರ್ ಇಬ್ಬರೂ ಸೇರ್ಕೊಂಡಿದ್ದಾರೆ" ಎಂದ ಗೊಣಗಣ್ಣ ಜೀಪಿನಲ್ಲಿ. "ಕೆಸರು ಯಾವತ್ತೋ ಮೋರಿ ಸೇರಿರುತ್ತೆ. ನಾವು ಸುಮ್ನೆ ಬಿಸಿಲಲ್ಲಿ ಬೇಯ್ತಾ ಇದ್ದೀವಿ."

"ಮೋರಿಗೆ ಸುರಿಯೋನು ಐಸ್ ಯಾಕೆ ಹೊರ್ತಾನೆ? ಸ್ಟ್ಯಾಂಡ್ ಯಾಕೆ?"



ಮೇಷ್ಟ್ರ ಹೇಳಿಕೆಗೆ ಸಹಿ ಬಾಕಿ ಇತ್ತು. ಮಧ್ಯಾಹ್ನ ಮೂರಕ್ಕೆ ಮನೆಗೆ ಹೋದರೆ ಅವರು ಇನ್ನೂ ಬಂದಿರಲಿಲ್ಲ. ಬಾಗಿಲು ತೆಗೆದ ಹೆಂಡತಿ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಪಾಪ, ಮಾತಿಗೆ ಯಾರಾದರೂ ಸಿಕ್ಕರೆ ಸಾಕು ಎನ್ನುವ ಹೆಂಗಸು.

"ಕೂತ್ಕೊಳ್ಳಿ. ತಣ್ಣಗೆ ಏನಾದ್ರೂ ಕೊಡೋಣ ಅಂದ್ರೆ ಫ್ರಿಜ್ ಕೆಟ್ಟು ಕೂತಿದೆ. ಬೆಳಗ್ಗೆ ಹಾಲು ಒಡೆದುಹೋಯ್ತು. ರಿಪೇರಿಯವನು ಬರೋವರೆಗೂ ಮುಟ್ಟಬೇಡ ಅಂದಿದ್ದಾರೆ ಇವರು."

ಅಡುಗೆಮನೆ ಅಲ್ಲಿಂದಲೇ ಕಾಣುತ್ತಿತ್ತು. ಕಟ್ಟೆಯ ಮೇಲೆ ಬಾಡಿದ ಸೊಪ್ಪು, ಬೆವರಿದ ಬೆಣ್ಣೆ. ಫ್ರಿಜ್ಜಿನ ಒಳಗಿರಬೇಕಾದ ತಟ್ಟೆಗಳು ಗೋಡೆಗೆ ಒರಗಿದ್ದವು. ಬಾಗಿಲಿಗೆ ಸುತ್ತಲೂ ಟೇಪು. ಯಾರೂ ಮಾತಾಡದ ಒಂದು ಕ್ಷಣದಲ್ಲಿ ಇನ್ಸ್‌ಪೆಕ್ಟರಿಗೆ ಅದರ ಸದ್ದು ಕೇಳಿಸಿತು. ಕೆಟ್ಟ ಫ್ರಿಜ್ ಗುರ್ರೆನ್ನುತ್ತಿತ್ತು.

"ಅಮ್ಮಾ, ಮೇಲಿನ ಮನೆಯವರನ್ನ ಸ್ವಲ್ಪ ಕರೀತೀರಾ? ಇಬ್ಬರು ಬೇಕು."

ಪಂಚರ ಎದುರು ಟೇಪು ಕಿತ್ತರು. ತಟ್ಟೆ ತೆಗೆದು ಮಾಡಿದ ಜಾಗದಲ್ಲಿ ಆರು ಕೊಳವೆಗಳೂ ಬೆಳಕು ತಾಗದಂತೆ ಹಾಳೆ ಸುತ್ತಿಸಿಕೊಂಡು, ಐಸ್ ಚೀಲಗಳ ನಡುವೆ ನೆಟ್ಟಗೆ ನಿಂತಿದ್ದವು. ಹೆಂಡತಿ ಅದನ್ನು ನೋಡಿದಳು, ಕಟ್ಟೆಯ ಮೇಲಿನ ಸೊಪ್ಪನ್ನು ನೋಡಿದಳು. "ಇಷ್ಟು ಜೋಪಾನ ನನ್ನನ್ನೂ ಮಾಡ್ಲಿಲ್ಲ" ಎಂದಳು. ಗೊಣಗಣ್ಣನಿಗೂ ನಗು ಬರಲಿಲ್ಲ.

ಗೇಟಿನಲ್ಲಿ ಜೀಪು ಕಂಡಾಗಲೇ ಮೇಷ್ಟ್ರಿಗೆ ಗೊತ್ತಾಗಿತ್ತು. ಒಳಗೆ ಬಂದವರು ಮೊದಲು ಕೇಳಿದ್ದು, "ಬಾಗಿಲು ತುಂಬ ಹೊತ್ತು ತೆಗೆದಿಟ್ರಾ?"

ನಾಲ್ಕು ಗಂಟೆಗೆ ದಸ್ತಗಿರಿಯಾಯಿತು.

"ಆ ಸಂಶೋಧನಾಲಯಕ್ಕೆ ನಾನೂ ಮೂರು ಸಲ ಅರ್ಜಿ ಹಾಕಿದ್ದೆ" ಎಂದರು ಠಾಣೆಯಲ್ಲಿ. "ಇದೇ ಕೆರೆ, ಇದೇ ಪ್ರಶ್ನೆ. ಮೂರು ಸಲಾನೂ ಬೇಡ ಅಂದ್ರು. ಅದೇ ಪ್ರಶ್ನೇನ ಅವಳಿಗೆ ಹೇಳಿಕೊಟ್ಟೆ. ಅವಳಿಗೆ ಒಂದೇ ವಾರದಲ್ಲಿ ಒಪ್ಪಿಗೆ ಬಂತು. ಎಲ್ಲರನ್ನೂ ಖುಷಿಯಿಂದ ಕಳಿಸಿದ್ದೀನಿ ಮೇಡಂ, ದೇವರಾಣೆ. ಈ ಕೆರೆ ಮಾತ್ರ ಕೊಡೋಕೆ ಆಗ್ಲಿಲ್ಲ. ವಿಮಾನ ತಪ್ಪಿದ್ರೆ ಸಾಕಾಗಿತ್ತು. ಆಮೇಲೆ ವಾಪಸ್ ಇಡ್ತಿದ್ದೆ."

"ವೀಸಾ ಮೇಡಂ ತಲೆಗೆ ಕಟ್ಟಿದ್ರಲ್ಲ, ಅದನ್ನ ಹೇಗೆ ವಾಪಸ್ ತಗೋತೀರಿ?"

 ಅಲ್ಲಿಯವರೆಗೆ ಮೇಷ್ಟ್ರ ಮೇಲಿದ್ದ ಅಯ್ಯೋ ಪಾಪ ಎಂಬ ಭಾವನೆ ಇನ್ಸ್‌ಪೆಕ್ಟರ್ ಮನಸ್ಸಿನಿಂದ ಅಲ್ಲಿಗೆ ಹೋಯಿತು.

ಜಪ್ತಿಯಾದ ಮಾಲನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಬಿಡುವಂತಿರಲಿಲ್ಲ. ಕೊಳವೆಗಳ ಜೊತೆ ಗೊಣಗಣ್ಣ ರಾತ್ರಿಯಿಡೀ ಎದ್ದಿದ್ದ. ಲಾಕಪ್ಪಿನಿಂದ ಮೇಷ್ಟ್ರು ಆಗಾಗ, "ಐಸ್ ಬದಲಾಯಿಸಿದ್ಯೇನಯ್ಯ?" ಎನ್ನುತ್ತಿದ್ದರು. ಗೊಣಗಣ್ಣ ಗೊಣಗುತ್ತಲೇ ಬದಲಾಯಿಸುತ್ತಿದ್ದ.

ಬುಧವಾರ ಮಧ್ಯಾಹ್ನ, ಮೇಷ್ಟ್ರನ್ನು ಹಾಜರುಪಡಿಸಿದಾಗಲೇ ಅಪ್ಪಣೆಯೂ ಸಿಕ್ಕಿತು: ಫೋಟೊ ತೆಗೆದು, ಒಂದು ಕೊಳವೆ ಸಾಕ್ಷ್ಯಕ್ಕೆ ಉಳಿಸಿ, ಐದನ್ನು ದೂರುದಾರಳಿಗೆ ಕೊಡುವುದು. ನ್ಯಾಯಾಲಯದ ಹೊರಗೆ ಐದು ಕೊಳವೆಗಳ ಪೆಟ್ಟಿಗೆ ಎತ್ತಿಕೊಂಡ ಹುಡುಗಿ ಬೆಂಚಿನ ಮುಂದೆ ನಿಂತಳು. ಅಲ್ಲಿ ಮೇಷ್ಟ್ರು ಕಾನ್‌ಸ್ಟೆಬಲ್‌ಗಳ ನಡುವೆ ಕೂತಿದ್ದರು. ಆಕೆ ಬೈಯಲು ಬಂದಿದ್ದಳು, ಅದು ಮುಖದಲ್ಲೇ ಕಾಣುತ್ತಿತ್ತು.

ಮೇಷ್ಟ್ರ ಕಣ್ಣು ಪೆಟ್ಟಿಗೆಯ ಮೇಲೆಯೇ ಇತ್ತು. "ವಿಮಾನದಲ್ಲಿ ಅಡ್ಡ ಮಲಗಿಸಬೇಡ. ಪದರ ಕಲಸಿಹೋಗುತ್ತೆ."

"ಗೊತ್ತು ಸಾರ್" ಎಂದಳು ಹುಡುಗಿ. "ನೀವೇ ಹೇಳಿಕೊಟ್ಟಿದ್ದು."

ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಮೆಟ್ಟಿಲಿಳಿದು ಹೋದಳು.