ಕತ್ತರಿ ಬಿದ್ದ ಲೇಸು

ಲುದ್ವಿಕಾ ಸೂಪಿಗೆ ಚಮಚ ಹಾಕಿದವಳು ಹಾಗೇ ಕೈ ತಡೆದಳು. ಪಕ್ಕದೂರು ಇಸ್ತೆಬ್ನಾದ ಆ ಹೊಸ ಹೋಟೆಲಿನಲ್ಲಿ, ಅವಳ ಮೇಜಿನ ನೇರ ಮೇಲೆ ತೂಗುತ್ತಿದ್ದ ದೀಪಕ್ಕೆ ಸುತ್ತಿದ್ದ ಲೇಸಿನಲ್ಲಿ ಅವಳ ಅಜ್ಜಿಯ ಎಲೆ ಇತ್ತು. ಒಂದು ಅಂಚನ್ನು ಕುರಿ ಕಚ್ಚಿಕೊಂಡು ಹೋದಂಥ ಎಲೆ.

ಅವಳ ಊರು ಕೊನ್ಯಾಕುವ್‌ನಲ್ಲಿ ಯಾವ ಮನೆಗೆ ಹೋದರೂ ಕೊಕ್ಕೆಸೂಜಿಯಲ್ಲಿ ಕ್ರೋಶಾ ಲೇಸು ಹಾಕುವ ಹೆಂಗಸರೇ. ಆದರೆ ಆ ಎಲೆ ಹಾಕುತ್ತಿದ್ದವಳು ಅಜ್ಜಿ ಒಬ್ಬಳೇ. ಅವಳು ಸತ್ತ ಮೇಲೆ ಅವಳ ದೊಡ್ಡ ಮೇಜುಬಟ್ಟೆಯನ್ನು ಗಡಿಯಾಚೆಯ ಸನ್ಯಾಸಿನಿಯರ ಮಠಕ್ಕೆ ಕೊಟ್ಟೆ ಎಂದು ಅಮ್ಮ ಹೇಳಿದ್ದಳು. ಈಗ ನೋಡಿದರೆ ಅದು ಇಲ್ಲಿ, ಬಲ್ಬಿನ ಸುತ್ತ.

ಲುದ್ವಿಕಾ ವಿಸ್ವಾ ಮಾರ್ಗದ ಬಸ್ಸು ಓಡಿಸುವವಳು. ಕುಡುಕರನ್ನು ಕುತ್ತಿಗೆಪಟ್ಟಿ ಹಿಡಿದು ಇಳಿಸಿ ಅಭ್ಯಾಸ. ಸೂಪು ಅಲ್ಲೇ ಬಿಟ್ಟು, ದೀಪ ಮಾಡಿದವನ ವಿಳಾಸ ಕೇಳಿ, ಸೀದಾ ಅವನ ಕೆಲಸದ ಶೆಡ್ಡಿನ ಬಾಗಿಲು ತಳ್ಳಿದಳು.

ಶಿಮೊನ್ ಅಂಟು ಮೆತ್ತಿದ ಏಪ್ರನ್ನಿನಲ್ಲಿ ತಂತಿ ಬಗ್ಗಿಸುತ್ತಿದ್ದ. ಮೇಜಿನ ಮೇಲೆ ಉಳಿದ ತುಂಡುಗಳು ಬಿದ್ದಿದ್ದವು.

"ಇದನ್ನ ಕತ್ತರಿಸಿದ್ದು ಯಾರು?"

"ನಾನೇ. ಯಾಕೆ, ಚೆನ್ನಾಗಿ ಬಂದಿಲ್ವಾ?"

ಆಮೇಲೆ ಅವಳು ಆಡಿದ ಮಾತುಗಳನ್ನು ಅವನು ಪೂರ್ತಿ ಕೇಳಿಸಿಕೊಂಡ. ಕೊನ್ಯಾಕುವ್‌ನ ನಮ್ಮಜ್ಜಿಯ ಬಟ್ಟೆ ಕೊಯ್ದ ಕಟುಕ, ಕಳ್ಳಮಾಲು ಕೊಳ್ಳುವವನು, ಇನ್ನೂ ಏನೇನೋ. ಒಬ್ಬ ಹೆಂಗಸು ತಂದು ಮಾರಿದಳು, ಚೂರು ಮಾಡು ಅಂದಳು, ಕತ್ತರಿಸಿದೆ ಎಂದ. ಯಾರು ಆ ಹೆಂಗಸು ಎಂದರೆ ಹೇಳಲಿಲ್ಲ. ಹೆಸರು ಹೇಳಬೇಡ ಎಂದು ಬೇಡಿಕೊಂಡಿದ್ದಾಳಂತೆ.

"ಕಳ್ಳಿಗೆ ಕೊಟ್ಟ ಮಾತಿಗೆ ಇಷ್ಟು ಮರ್ಯಾದೆ!"

"ಅವರು ಕಳ್ಳಿ ಅಂತ ನೀವು ಹೇಳ್ತಿದ್ದೀರಿ, ನಾನು ಹೇಳ್ಲಿಲ್ಲ."

ಅವನು ತುಂಡುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿತ್ತ. ದೀಪಕ್ಕೆ ಹೋಗಿ ನಡುವೆ ಇಲ್ಲವಾದ ಹೂವುಗಳನ್ನು ಹೊಸದಾಗಿ ಹಾಕಿ ಕೂಡಿಸಿದರೆ ಬಟ್ಟೆ ಮತ್ತೆ ಒಂದಾಗುತ್ತದೆ, ಕೊನ್ಯಾಕುವ್ ಹೆಣ್ಣಿಗೆ ಅದೇನು ಮಹಾ ಎಂದ. ಲುದ್ವಿಕಾಳ ಕಿವಿ ಕೆಂಪಾದವು.

"ನನಗೆ ಬರಲ್ಲ," ಎಂದಳು. ಬೈದಿದ್ದಕ್ಕಿಂತ ಗಟ್ಟಿಯಾಗಿ ಬಂತು ಮಾತು. "ನಾನು ಎಡಚಿ. ಅಜ್ಜಿ ಒಂದು ವಾರ ಹೇಳಿಕೊಟ್ಟು ಕೈಬಿಟ್ಟಳು. ಅಕ್ಕಪಕ್ಕದ ಹುಡುಗಿಯರಿಗೆಲ್ಲ ಕಲಿಸಿದಳು, ನನಗೆ ಮಾತ್ರ ಇಲ್ಲ."

ಅವನು ನಗಲಿಲ್ಲ. ಏಪ್ರನ್ ಬಿಚ್ಚಿ, ಎರಡು ಸ್ಟೂಲು ಎದುರುಬದುರು ಎಳೆದ. "ನಾನು ಬಲಗೈಯವನು. ಎದುರಿಗೆ ಕೂತರೆ ಕನ್ನಡಿ ಇದ್ದ ಹಾಗೆ. ನನ್ನ ಕೈ ನೋಡ್ಕೊಂಡು ಹಾಕಿ. ನಮ್ಮಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ, ನನ್ನನ್ನೇ ಕೂರಿಸ್ತಿದ್ದಳು."

ಕಲಿಯಬೇಕೆಂಬ ಆಸೆಗಿಂತ ಅವನ ಮುಖಕ್ಕೆ ಆ ಬಟ್ಟೆ ಬೀಸಿ ತೋರಿಸಬೇಕೆಂಬ ಹಟಕ್ಕೇ ಅವಳು ಕೂತಳು.

ಆ ಚಳಿಗಾಲವಿಡೀ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅವಳು ಶೆಡ್ಡಿಗೆ ಹೋದಳು. ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಕೂರಬೇಕಿತ್ತು. ದಾರ ಬಿಗಿಯಾಗಿ ಸೂಜಿಯ ಕೊಕ್ಕೆ ಸಿಕ್ಕಿಕೊಂಡಾಗ ಉಂಡೆ ಎತ್ತಿ ಗೋಡೆಗೆ ಒಗೆಯುತ್ತಿದ್ದಳು. ಅವನು ಎದ್ದು ಹೋಗಿ ತಂದು, ಅವಳ ಮಡಿಲಿಗಿಟ್ಟು, "ದಾರ ನಿಮಗೇನು ಅನ್ಯಾಯ ಮಾಡಿದೆ?" ಎನ್ನುತ್ತಿದ್ದ. ಬೈಯುವುದಕ್ಕೆಂದು ತಲೆಯೆತ್ತಿದರೆ ಅವನ ಕಣ್ಣು ಅವಳ ಬೆರಳ ಮೇಲಿರುತ್ತಿರಲಿಲ್ಲ, ಮುಖದ ಮೇಲಿರುತ್ತಿತ್ತು. ಅವಳಿಗೆ ಅದಕ್ಕೂ ಸಿಟ್ಟು. ಅವನು ಕಣ್ಣು ತಗ್ಗಿಸಿಕೊಂಡರೆ ಇನ್ನಷ್ಟು ಸಿಟ್ಟು.

ಹಿಮ ಕರಗುವ ಹೊತ್ತಿಗೆ ಬಟ್ಟೆ ಒಂದಾಯಿತು. ಅವಳ ಹೂವುಗಳು ಅಜ್ಜಿಯವಕ್ಕೆ ತದ್ವಿರುದ್ಧ ಸುತ್ತಿಕೊಂಡಿದ್ದವು. ಅವನು ಅದನ್ನು ಬೆಳಕಿಗೆ ಹಿಡಿದು, "ಚೆಂದ," ಎಂದು ಮೆಲ್ಲಗೆ ಹೇಳಿದ. ಅಷ್ಟರಲ್ಲಾಗಲೇ ಇಬ್ಬರೂ ನೀವು ಬಿಟ್ಟು ನೀನು ಎನ್ನುವಷ್ಟು ಹತ್ತಿರ ಬಂದಿದ್ದರು.

"ಈಗಲಾದರೂ ಹೇಳು. ಯಾರು ಮಾರಿದ್ದು?"

"ಆಗಲ್ಲ, ಲುದ್ವಿಕಾ."

"ಹಾಗಾದರೆ ನಿನಗೆ ನನಗಿಂತ ಅವಳೇ ಹೆಚ್ಚು," ಎಂದು ಬಟ್ಟೆ ಕಿತ್ತುಕೊಂಡು ಹೊರಟುಬಂದಳು. ದಾರಿಯುದ್ದಕ್ಕೂ ಅಳು ಬಂತು, ಅಳು ಬಂದಿದ್ದಕ್ಕೆ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಅಮ್ಮ ಝೋಫಿಯಾ ಆಲೂಗಡ್ಡೆ ಸುಲಿಯುತ್ತಿದ್ದಳು. ಲುದ್ವಿಕಾ ಬಟ್ಟೆಯನ್ನು ಮೇಜಿನ ಮೇಲೆ ಹರವಿದಳು. ಅಮ್ಮನ ಕೈಯಿಂದ ಚಾಕು ಜಾರಿತು.

"ಮತ್ತೆ ಇದನ್ನ ಮನೆಗೆ ತಂದ್ಯಾ? ಚೂರು ಮಾಡು ಅಂತ ಹೇಳಿಯೇ ಕೊಟ್ಟಿದ್ದೆ ಅವನಿಗೆ."

ಲುದ್ವಿಕಾ ಬಟ್ಟೆಯ ಅಂಚು ಹಿಡಿದೆತ್ತಿದಳು. "ಮಠಕ್ಕೆ ಕೊಟ್ಟೆ ಅಂದಿದ್ದೆ."

"ಸುಳ್ಳು ಹೇಳಿದೆ." ಝೋಫಿಯಾ ಹೆದರಲಿಲ್ಲ, ರೇಗಿದಳು. "ನಿಮ್ಮಜ್ಜಿಯ ಬಟ್ಟೆ ಅಂತೀಯಲ್ಲ, ಅರ್ಧ ಹಾಕಿದ್ದು ನಾನು. ಹೊರಗೆ ಹುಡುಗಿಯರು ಜಾರುಬಂಡಿ ಆಡ್ತಿದ್ರೆ ನಾನು ಕಿಟಕಿ ಹತ್ರ ಕೂತು ಎಲೆ ಹಾಕಬೇಕು. ಒಂದು ಎಳೆ ತಪ್ಪಿದರೆ ಬೆರಳ ಮೇಲೆ ಏಟು. ನೀನು ಎಡಚಿ ಅಂತ ನಮ್ಮಮ್ಮ ನಿನ್ನ ಕೈಬಿಟ್ಟ ದಿನ ನಾನು ಚರ್ಚಿಗೆ ಓಡಿ ಮೇಣದಬತ್ತಿ ಹಚ್ಚಿದೆ. ನನ್ನ ಮಗಳು ತಪ್ಪಿಸಿಕೊಂಡಳು ಅಂತ."

ಲುದ್ವಿಕಾಗೂ ಕೋಪ ಏರಿತು. ಇಷ್ಟು ವರ್ಷ ತನ್ನನ್ನು ಯಾರೂ ಬೇಕೆನ್ನಲಿಲ್ಲ ಎಂದು ಅಳುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಅಮ್ಮ ಸಂತೋಷಪಟ್ಟಿದ್ದಳು. ಹೇಳಬಹುದಿತ್ತಲ್ಲ ಅಂದಳು ಮಗಳು. ಹೇಗೆ ಹೇಳಲಿ, ಊರೆಲ್ಲ ನಿಮ್ಮಜ್ಜಿಯ ಕೈಗೆ ಕೈ ಮುಗಿಯುತ್ತಿದ್ದಾಗ, ಅಂದಳು ಅಮ್ಮ. ಇಬ್ಬರೂ ಸಾಕಷ್ಟು ಕೂಗಾಡಿದರು, ಆ ಗದ್ದಲದಲ್ಲೇ ಶೆಡ್ಡಿನ ಭಾನುವಾರಗಳೂ ಅವನು ಹೆಸರು ಹೇಳದ್ದೂ ಹೊರಬಿದ್ದವು. ಕೂಗಿ ದಣಿದು ಕೂತ ಮೇಲೆ ಝೋಫಿಯಾ ಮಗಳು ಹಾಕಿದ ಹೂವೊಂದನ್ನು ಬೆರಳಿನಿಂದ ಸವರಿ, ಅವನು ಹೊಡೆಯದೆ ಕಲಿಸಿದನಾ ಎಂದು ಕೇಳಿದಳು. ಹೌದೆಂದಳು ಲುದ್ವಿಕಾ. "ನನ್ನ ಹೆಸರೂ ಹೇಳಿಲ್ಲ. ಎಲ್ಲಿ ಸಿಗ್ತಾನೆ ಅಂಥವನು," ಎಂದು ಅಮ್ಮ ಮತ್ತೆ ಚಾಕು ಎತ್ತಿಕೊಂಡಳು.

ಲುದ್ವಿಕಾ ಶೆಡ್ಡಿಗೆ ಬಂದಾಗಲೂ ಸಿಟ್ಟು ಇಳಿದಿರಲಿಲ್ಲ.

"ನನ್ನಮ್ಮ ಅಂತ ಗೊತ್ತಿತ್ತು ನಿನಗೆ."

"ಮೊದಲು ಗೊತ್ತಿರಲಿಲ್ಲ. ನೀನು ಬೈಯೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು. ನಿನ್ನ ಗಲ್ಲ ಥೇಟು ಅವರದೇ."

"ಕಳ್ಳಮಾಲಿನವನು ಅಂತ ಇಡೀ ಚಳಿಗಾಲ ಬೈಸಿಕೊಂಡ್ಯಲ್ಲ!"

"ಮಾತು ಕೊಟ್ಟಿದ್ದೆ." ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ. "ಆಮೇಲೆ, ಬೈಯೋಕಾದರೂ ಬರ್ತಿದ್ದೆ ನೀನು. ಸಿಟ್ಟು ಇಳಿದರೆ ಬರಲ್ವೇನೋ ಅಂತ ಭಯ ಇತ್ತು."

ಅವಳು ಅವನನ್ನೇ ನೋಡುತ್ತ ನಿಂತಳು. ಬೆರಳುಗಳಲ್ಲಿ ಅಂಟು ಒಣಗಿತ್ತು, ಕೂದಲಲ್ಲಿ ದಾರದ ಚೂರು. ಅದನ್ನು ತೆಗೆಯಲು ಕೈ ಚಾಚಿದವಳು ತೆಗೆದ ಮೇಲೂ ಕೈ ಹಿಂದಕ್ಕೆ ತಂದುಕೊಳ್ಳಲಿಲ್ಲ.

"ಸಿಟ್ಟು ಇಳಿಯಲ್ಲ," ಎಂದಳು. "ನಿನ್ನ ಮೇಲಿನದು ಈ ಜನ್ಮದಲ್ಲಿ ಇಳಿಯೋ ಥರ ಕಾಣಲ್ಲ. ಸಂಸಾರ ಮಾಡೋಕೆ ಅಷ್ಟು ಸಾಕಾ?"

ಶಿಮೊನ್ ಉತ್ತರ ಕೊಡುವ ಮೊದಲು, ಅವಳು ಮತ್ತೆ ಹೊರಟುಹೋಗದ ಹಾಗೆ, ನಗುತ್ತ ಬಾಗಿಲ ಚಿಲಕ ಹಾಕಿದ.